ಬೈಯುವ ಗಿರಾಕಿ ಬಂದಾಗ: ಅಂಗಡಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ

ಓಣಂ ಹತ್ತಿರ ಬಂತೆಂದರೆ ಕಾಸರಗೋಡು ಪೇಟೆಯ ಜವಳಿ ಅಂಗಡಿಗಳಲ್ಲಿ ಹೊಸ ಮುಖಗಳು ಕಾಣುತ್ತವೆ. ಪ್ಲಸ್ ಟು ಮುಗಿಸಿದ ಹುಡುಗಿಯರು, ಮುಂದೆ ಏನು ಓದುವುದೆಂದು ಇನ್ನೂ ಗೊತ್ತಾಗದ ಹುಡುಗರು, ಮಕ್ಕಳನ್ನು ಶಾಲೆಗೆ ಕಳಿಸಿ ಮೊದಲ ಸಲ ಕೆಲಸಕ್ಕೆ ಹೊರಟ ಅಕ್ಕಂದಿರು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ ಕಡೆಯಿಂದ ಬೆಳಗ್ಗಿನ ಬಸ್ಸಿಗೆ ಬಂದು ಇಳಿಯುತ್ತಾರೆ. ಸೀರೆ ಮಡಚುವುದು ಎರಡು ದಿನಕ್ಕೆ ಬರುತ್ತದೆ. ಬಿಲ್ಲಿಂಗ್ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ಆದರೆ ಯಾರೋ ಒಬ್ಬರು ಎಲ್ಲರ ಎದುರು "ನಿನಗೆ ತಲೆ ಸರಿ ಉಂಟಾ?" ಎಂದು ಕೇಳಿದಾಗ ಏನು ಮಾಡಬೇಕೆಂದು ಯಾರೂ ಕಲಿಸುವುದಿಲ್ಲ. ಸೇರಿದ ಮೂರನೇ ದಿನಕ್ಕೇ ಗೋಡೌನಿಗೆ ಹೋಗಿ ಅತ್ತು, ನಾಲ್ಕನೇ ದಿನ ಬಾರದೇ ಇದ್ದ ಹುಡುಗಿಯರನ್ನು ನಾನು ಎಷ್ಟೋ ನೋಡಿದ್ದೇನೆ.

ನಾನು ಹನ್ನೊಂದು ವರ್ಷ ಜವಳಿ ಅಂಗಡಿಯಲ್ಲಿ ಕೆಲಸ ಮಾಡಿದವಳು. ಈಗ ಕುಂಬಳೆ ಹತ್ತಿರ ನನ್ನದೇ ಒಂದು ಸಣ್ಣ ಫ್ಯಾನ್ಸಿ ಅಂಗಡಿ ಉಂಟು. ನನಗೆ ಬುದ್ಧಿ ಬರಲು ವರ್ಷಗಳೇ ಬೇಕಾದವು, ನಿಮಗೆ ಅಷ್ಟು ಸಮಯ ಹಿಡಿಯುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಾಲು ತೋರಿಸುವುದು, ಸರಿಯಾಗಿ ಮಾತಾಡುವುದು, ತಪ್ಪಾದರೆ ಸರಿಮಾಡುವುದು, ಇದೆಲ್ಲ ನಮ್ಮ ಕೆಲಸ. ಬೈಗುಳ ತಿನ್ನುವುದು ನಮ್ಮ ಸಂಬಳದಲ್ಲಿ ಸೇರಿಲ್ಲ.

ಮೊದಲು ಕೂರಲು ಜಾಗ ಕೇಳಿ

ಬೈಯುವ ಗಿರಾಕಿಗೂ ಕುರ್ಚಿಗೂ ಏನು ಸಂಬಂಧ ಎಂದು ಕೇಳಬಹುದು. ತುಂಬಾ ಸಂಬಂಧ ಉಂಟು.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಅಂಗಡಿಯಲ್ಲಿ ಸೇಲ್ಸ್‌ನವರಿಗೆ ಕುರ್ಚಿಯೇ ಇರಲಿಲ್ಲ. ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಪಾಟಿಗೆ ಒರಗಿದರೂ ಸೂಪರ್‌ವೈಸರ್ ಹೆಸರು ಕೂಗುತ್ತಿದ್ದರು. ಸಂಜೆ ಆಗುವಾಗ ಕಾಲು ಬಾತು ಚಪ್ಪಲಿ ಬಿಗಿಯಾಗುತ್ತಿತ್ತು. ಆ ಹೊತ್ತಿಗೆ ಯಾರಾದರೂ "ಆ ಮೇಲಿನದ್ದು ತೆಗಿ, ಅದಲ್ಲ, ಆಚೆಯದ್ದು" ಎಂದು ನಾಲ್ಕು ಸಲ ಹೇಳಿದರೆ ನನ್ನ ಮುಖವೇ ಮೊದಲು ಕೆಡುತ್ತಿತ್ತು. ಅವರು ಅದನ್ನು ಕಂಡು ಬೈಯುತ್ತಿದ್ದರು. ನನ್ನ ಜಗಳಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಂಜೆ ಐದರ ಮೇಲೆಯೇ ಆದದ್ದು. ಅದು ಗೊತ್ತಾಗಲು ನನಗೆ ತುಂಬಾ ಕಾಲ ಬೇಕಾಯಿತು.

ಕೋಝಿಕ್ಕೋಡಿನ ಮಿಠಾಯಿ ತೆರುವು ಎಂಬ ಅಂಗಡಿ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಮತ್ತು ಅವರ ಜೊತೆಯ ಹೆಂಗಸರು ಪೆಣ್‌ಕೂಟ್ ಎಂಬ ಕೂಟ ಕಟ್ಟಿ, ಶೌಚಾಲಯ ಬೇಕು, ಕೂರುವ ಹಕ್ಕು ಬೇಕು ಎಂದು ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 2018ರಲ್ಲಿ ಕೇರಳ ಸರಕಾರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಕೆಲಸದವರಿಗೆ ಕೂರುವ ವ್ಯವಸ್ಥೆ ಮಾಡಿಕೊಡುವುದು ಈಗ ಮಾಲಿಕರ ಕರ್ತವ್ಯ. ತಮಿಳುನಾಡಿನಲ್ಲೂ 2021ರಲ್ಲಿ ಇಂಥದೇ ಕಾನೂನು ಬಂತು. ಅದೇ ಕೇರಳದ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ. ನಾಲ್ಕು ಗಂಟೆ ಆದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು, ವಾರಕ್ಕೊಂದು ರಜೆ ಕೊಡಬೇಕು.

ಹಾಗಾಗಿ ಸೇರುವ ದಿನವೇ ಕೇಳಿ. "ನಾನು ಎಲ್ಲಿ ಕೂರುವುದು? ಊಟಕ್ಕೆ ಎಷ್ಟು ಹೊತ್ತಿಗೆ ಹೋಗುವುದು?" ಹೆದರಬೇಡಿ, ಮೆಲ್ಲಗೆ ಕೇಳಿದರೆ ಸಾಕು. ಕೊಡುವುದೇ ಇಲ್ಲ ಎಂದಾದರೆ ಅಸಿಸ್ಟೆಂಟ್ ಲೇಬರ್ ಆಫೀಸರ್ ಹತ್ತಿರ ದೂರು ಕೊಡಬಹುದು. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗಿ. ಕಾಲು ನೋಯದವರ ಬಾಯಿಯಲ್ಲಿ ಒಳ್ಳೆ ಮಾತು ಸುಲಭವಾಗಿ ಬರುತ್ತದೆ, ಇದು ನನ್ನ ಅನುಭವ.

ಬಂದವರ ಮಾತಿನಲ್ಲೇ ಒಂದು ಮಾತು

ನಮ್ಮ ಊರಿನಲ್ಲಿ ಬಾಗಿಲು ದಾಟಿ ಬರುವವರು ಕನ್ನಡದವರೋ, ತುಳುವರೋ, ಮಲಯಾಳದವರೋ, ಬ್ಯಾರಿಯೋ, ಕೊಂಕಣಿಯೋ, ಮರಾಠಿಯೋ ನೋಡಿದ ಕೂಡಲೇ ಹೇಳಲು ಆಗುವುದಿಲ್ಲ. ಅವರು ತಮ್ಮೊಳಗೆ ಮಾತಾಡುವುದನ್ನು ಎರಡು ಸೆಕೆಂಡು ಕೇಳಿಸಿಕೊಳ್ಳಿ. ಆಮೇಲೆ "ಎಂತ ಬೇಕು ಅಕ್ಕ?" ಅಥವಾ "ದಾನೆ ಬೋಡು?" ಅಥವಾ "ಎಂದಾ ವೇಂಡದ್?" ಎನ್ನಿ. ಆ ಒಂದು ಮಾತಿಗೆ ಎಷ್ಟು ಬೆಲೆ ಉಂಟೆಂದರೆ, ಮುಂದೆ ಹತ್ತು ನಿಮಿಷ ಕಾಯಿಸಿದರೂ ಜನ ತಡೆದುಕೊಳ್ಳುತ್ತಾರೆ. ತುಳುವಿನ "ಒಂತೆ ಉಂತುಲೆ" (ಸ್ವಲ್ಪ ನಿಲ್ಲಿ), ಮಲಯಾಳದ "ಇಪ್ಪೊ ತರಾಂ" (ಈಗ ಕೊಡುತ್ತೇನೆ), ಇಷ್ಟಾದರೂ ಎಲ್ಲ ಭಾಷೆಯಲ್ಲಿ ಕಲಿತಿಡಿ. ವ್ಯಾಕರಣ ತಪ್ಪಿದರೆ ಏನೂ ಆಗುವುದಿಲ್ಲ.

ಭಾಷೆಯ ಸಿಟ್ಟು ಬೇರೆಯೇ ಬಗೆಯದ್ದು. ತೆಂಕಿನಿಂದ ವರ್ಗವಾಗಿ ಬಂದ ಒಬ್ಬರು ನನ್ನ ಜೊತೆಯ ಹುಡುಗಿಗೆ, ಪಾಪ ಅವಳು ಕನ್ನಡ ಮೀಡಿಯಂನಲ್ಲಿ ಓದಿದವಳು, "ಕೇರಳದಲ್ಲಿದ್ದು ಮಲಯಾಳ ಬಾರದವಳನ್ನು ಇಲ್ಲಿ ಯಾಕೆ ನಿಲ್ಲಿಸಿದ್ದಾರೆ" ಎಂದರು. ಅದೇ ವಾರ ನಮ್ಮವರೇ ಒಬ್ಬರು ಹಿರಿಯರು ಕಣ್ಣೂರಿನ ಹುಡುಗಿಯ ಹತ್ತಿರ "ಕಾಸರಗೋಡಿನಲ್ಲಿ ಕನ್ನಡ ಗೊತ್ತಿಲ್ಲದೆ ವ್ಯಾಪಾರವಾ?" ಎಂದು ಕೂಗಾಡಿದರು. ಎರಡನ್ನೂ ನಾನು ಹತ್ತಿರ ನಿಂತು ಕೇಳಿದ್ದೇನೆ. ಇಬ್ಬರು ಹುಡುಗಿಯರೂ ಊಟದ ಹೊತ್ತಿಗೆ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡದೆ ಎದ್ದರು. ಭಾಷೆಯ ಬಗ್ಗೆ ನಮ್ಮಲ್ಲಿ ನೋವಿದೆ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದಲೂ ಇದೆ, ಅದು ಸುಳ್ಳಲ್ಲ. ಆದರೆ ಅದನ್ನು ತಿಂಗಳ ಸಂಬಳಕ್ಕೆ ನಿಂತ ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ತೀರಿಸಬಾರದು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ. ಭಾಷೆಯ ಬಗ್ಗೆ ವಾದಕ್ಕೆ ಇಳಿಯಬೇಡಿ. ಗೊತ್ತಿರುವ ಒಬ್ಬರನ್ನು ಕರೆಯಿರಿ. ಅವರು ಬರುವತನಕ ಮಾಲು ತೆಗೆದು ಎದುರಿಗೆ ಇಡಿ, ಕ್ರಯವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿ. ಅರ್ಥವಾಗದವರಿಗೆ ಅದೇ ಮಾತನ್ನು ಜೋರಾಗಿ ಹೇಳಬೇಡಿ. ಜೋರಾದ ದನಿ ಯಾವ ಭಾಷೆಯಲ್ಲೂ ಬೈಗುಳದ ಹಾಗೆಯೇ ಕೇಳಿಸುತ್ತದೆ. ಬಿಹಾರ, ಅಸ್ಸಾಂ ಕಡೆಯ ಹುಡುಗರು ಜೊತೆಗೆ ಕೆಲಸಕ್ಕಿದ್ದರೆ ಅವರ ಪರವಾಗಿ ನೀವು ಒಂದು ಹೆಜ್ಜೆ ಮುಂದೆ ಬನ್ನಿ. ಅವರಿಗೆ ತಿರುಗಿ ಹೇಳಲು ಮಾತೇ ಇಲ್ಲ.

ಯಾವ ಸಿಟ್ಟು ಎಂದು ಗುರುತಿಸಿ

ಬೈಯುವವರೆಲ್ಲ ಒಂದೇ ಅಲ್ಲ. ಸೋತು ಸುಸ್ತಾಗಿ ಬೈಯುವವರು ಒಂದು ಬಗೆ. ಬೈದೇ ಅಭ್ಯಾಸವಾದವರು ಇನ್ನೊಂದು ಬಗೆ. ನಾನು ಇದನ್ನು ಒಂದು ಸಣ್ಣ ಪ್ರಶ್ನೆಯಿಂದ ಕಂಡುಹಿಡಿಯುತ್ತೇನೆ. "ಬಿಲ್ ಉಂಟಾ?" ಅಥವಾ "ಯಾವ ದಿನ ತೆಗೊಂಡದ್ದು?" ನಿಜವಾದ ತೊಂದರೆ ಇದ್ದವರು ಬೈಯುತ್ತಲೇ ಪರ್ಸಿಗೆ ಕೈ ಹಾಕುತ್ತಾರೆ. ಜಗಳಕ್ಕೇ ಬಂದವರು "ಬಿಲ್ ಎಂತಕ್ಕೆ? ನಾನು ಯಾರು ಗೊತ್ತುಂಟಾ?" ಎನ್ನುತ್ತಾರೆ.

ಮೊದಲನೆಯವರಿಗೆ ನಿಮ್ಮ ಪೂರ್ತಿ ಸಹಾಯ ಕೊಡಿ. ಒಂದು ಮೇ ತಿಂಗಳ ಕೊನೆಯ ವಾರ, ಶಾಲೆ ಶುರುವಾಗಲು ನಾಲ್ಕು ದಿನ ಇತ್ತು. ಒಬ್ಬರು ಮಗಳ ಯೂನಿಫಾರ್ಮ್ ತಂದು ಕೌಂಟರಿನ ಮೇಲೆ ಬಿಸಾಡಿದರು. "ನೀವೆಲ್ಲ ಸಂಬಳ ತಿನ್ನುವುದು ಎಂತಕ್ಕೆ?" ಎಂದರು. ಅಳತೆ ತಪ್ಪಿತ್ತು, ಅದು ಎರಡನೇ ಸಲ. ನನಗೂ ಸಿಟ್ಟು ಬಂತು. ಆದರೆ ಬಿಲ್ಲಿನಲ್ಲಿ ಮುಳ್ಳೇರಿಯ ಎಂದು ಕಂಡದ್ದೇ ಬಾಯಿಯಿಂದ ತಾನಾಗಿ ಬಂತು, "ಅಣ್ಣ, ಇದಕ್ಕೇ ಮೂರು ಸಲ ಬಸ್ಸಲ್ಲಿ ಬಂದಿರಾ?" ಅವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ, "ಹೌದಮ್ಮ, ಮೂರು ದಿನದ ಕೂಲಿ ಹೋಯಿತು" ಎಂದರು. ಆ ಮೇಲೆ ನಮ್ಮೊಳಗೆ ಜಗಳವೇ ಇರಲಿಲ್ಲ. ನಮ್ಮ ಟೈಲರನ್ನು ಕೂರಿಸಿ ಒಂದು ಗಂಟೆಯಲ್ಲಿ ಸರಿಮಾಡಿಸಿ ಕಳಿಸಿದೆವು. ಅವರ ತೊಂದರೆಯನ್ನು ಅವರಿಗಿಂತ ಮೊದಲು ನೀವು ಬಾಯಿಬಿಟ್ಟು ಹೇಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಎರಡನೆಯ ಬಗೆಯವರ ಹತ್ತಿರ ಮಾತು ಕಡಿಮೆ ಮಾಡಿ. ಕೇಳಿದ್ದಕ್ಕೆ ಉತ್ತರ, ಕೇಳಿದ ಮಾಲು, ಬಿಲ್. ನಗಬೇಕೆಂದಿಲ್ಲ, ಮುಖ ಗಂಟು ಹಾಕಲೂ ಬೇಡ.

ಜಗಳ ಎಲ್ಲಿಂದ ಹುಟ್ಟುತ್ತದೋ ಆ ವಿಷಯ ಮೊದಲೇ ಕಲಿತಿಡಿ

ಕೌಂಟರಿನ ಜಗಳಗಳು ಐದಾರೇ ವಿಷಯಕ್ಕೆ ಸುತ್ತುತ್ತವೆ. ನಿಮಗೆ ಸರಿಯಾದದ್ದು ಗೊತ್ತಿದ್ದರೆ ದನಿ ನಡುಗುವುದಿಲ್ಲ. ದನಿ ನಡುಗದವರನ್ನು ಜನ ಬೇಗ ಬೈಯುವುದಿಲ್ಲ.

ವಾಪಸು ಕೊಡುವ ವಿಷಯ ಎಲ್ಲಕ್ಕಿಂತ ದೊಡ್ಡದು. "ಮಾರಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ" ಎಂದು ಬೋರ್ಡ್ ಹಾಕಿದ ಅಂಗಡಿಗಳು ಇನ್ನೂ ಉಂಟು. ಹಾಳಾದ ಮಾಲಿಗೆ ಆ ಬೋರ್ಡ್ ನಡೆಯುವುದಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ವಾಪಸು ತೆಗೆದುಕೊಳ್ಳಬೇಕು. ಬಿಲ್ಲಿನಲ್ಲಿ ಏನೂ ಹೇಳಿರದಿದ್ದರೆ 30 ದಿನ. ಇಲ್ಲ ಎನ್ನುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಅಂದರೆ ಸೀರೆಯ ನೂಲು ಕಿತ್ತಿದ್ದರೆ ಗಿರಾಕಿ ಕೂಗುವುದರಲ್ಲಿ ನ್ಯಾಯ ಉಂಟು, ಅವರನ್ನು ಸತಾಯಿಸಬೇಡಿ. ಆದರೆ "ಅತ್ತಿಗೆಗೆ ಬಣ್ಣ ಹಿಡಿಸಲಿಲ್ಲ" ಎಂಬುದು ದೋಷವಲ್ಲ. ಅದಕ್ಕೆ ಬದಲಿ ಕೊಡುವುದು ಬಿಡುವುದು ಅಂಗಡಿಯ ಇಷ್ಟ. ನಿಮ್ಮ ಅಂಗಡಿಯ ಕ್ರಮ ಏನು, ಎಷ್ಟು ದಿನ, ದುಡ್ಡು ವಾಪಸೋ ಬದಲಿಯೋ, ಮಾಲಿಕರ ಹತ್ತಿರ ಕೇಳಿ ತಿಳಿದಿಡಿ. ಬಿಲ್ ಕೊಡುವಾಗಲೇ ಬಾಯಿಯಲ್ಲಿ ಒಂದು ಸಲ ಹೇಳಿ.

ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಕೇಳಬಾರದು, ತಂಪು ಮಾಡಿದ ಜ್ಯೂಸಿಗೂ ಕೇಳಬಾರದು. ಗಿರಾಕಿ ಅದನ್ನು ಎತ್ತಿ ತೋರಿಸಿದರೆ ಕ್ಷಮೆ ಕೇಳಿ, ಸರಿಮಾಡಿ, ಮುಗಿಸಿ.

ಹತ್ತು ರೂಪಾಯಿ ನಾಣ್ಯ ಇನ್ನೊಂದು ತಲೆನೋವು. "ಇದು ನಡೆಯುವುದಿಲ್ಲ, ಬೇರೆ ಕೊಡು" ಎಂದು ಎಸೆದು ಹೋದವರಿದ್ದಾರೆ. ಹತ್ತು ರೂಪಾಯಿಯ ಹದಿನಾಲ್ಕು ಬಗೆಯ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಮೆಲ್ಲಗೆ ಹೇಳಿ ನೋಡಿ. ಒಪ್ಪದಿದ್ದರೆ ನೋಟು ಇದ್ದಾಗ ನೋಟೇ ಕೊಟ್ಟು ಕಳಿಸಿ, ಇದು ಗೆಲ್ಲಬೇಕಾದ ಜಗಳ ಅಲ್ಲ. ಅವರು ನಾಣ್ಯ ಕೊಟ್ಟರೆ ನೀವು ಮಾತ್ರ ಬೇಡ ಎನ್ನಬಾರದು.

ಇನ್ನು ಯುಪಿಐ. ಅವರ ಮೊಬೈಲಿನಲ್ಲಿ ದುಡ್ಡು ಹೋಗಿದೆ, ನಮ್ಮ ಸೌಂಡ್ ಬಾಕ್ಸ್ ಮಾತಾಡಿಲ್ಲ. ಹಿಂದೆ ಎಂಟು ಜನ ಸಾಲು ನಿಂತಿದ್ದಾರೆ. "ನಾನು ಕಳ್ಳನಾ?" ಎಂದು ಕೇಳುತ್ತಾರೆ. ಇಲ್ಲಿ ತುಂಬಾ ಜಾಗ್ರತೆ ಬೇಕು, ಯಾಕೆಂದರೆ ಹತ್ತರಲ್ಲಿ ಒಬ್ಬ ಸುಳ್ಳು ಸ್ಕ್ರೀನ್‌ಶಾಟ್ ತೋರಿಸುವವನೂ ಇರಬಹುದು, ಒಂಬತ್ತು ಜನ ಸತ್ಯದವರೇ. ಎಲ್ಲರ ಹತ್ತಿರವೂ ಒಂದೇ ಮಾತು ಹೇಳಿ. "ಬಾಕ್ಸಿನಲ್ಲಿ ಬರಲಿಲ್ಲ ಅಣ್ಣ, ನಿಮ್ಮ ಮೊಬೈಲಿನಲ್ಲಿ ಕಾಣುವ ಹನ್ನೆರಡು ಅಂಕಿಯ ಯುಪಿಐ ನಂಬರ್ ಒಂದು ಬರೆದುಕೊಳ್ಳುತ್ತೇನೆ, ನಮ್ಮ ಆ್ಯಪಿನಲ್ಲಿ ನೋಡುವ." ಅಂಗಡಿಯ ಆ್ಯಪ್ ತೆರೆದು ಅವರಿಗೂ ತೋರಿಸಿ. ಬಂದಿಲ್ಲವಾದರೆ ನಿಯಮ ಹೇಳಿ. ಖಾತೆಯಿಂದ ಕಳೆದು ಅಂಗಡಿಗೆ ತಲುಪದ ದುಡ್ಡು ಐದು ದಿನದೊಳಗೆ ತಾನಾಗಿ ವಾಪಸು ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ನಿಯಮ ಮಾಡಿದೆ. "ನಿಮ್ಮ ದುಡ್ಡು ಎಲ್ಲಿಗೂ ಹೋಗುವುದಿಲ್ಲ" ಎಂಬ ಮಾತು ಕೇಳಿದ ಮೇಲೆ ಹೆಚ್ಚಿನವರು ತಣ್ಣಗಾಗುತ್ತಾರೆ. ಸಾಲಿನಿಂದ ಸ್ವಲ್ಪ ಆಚೆ ಕರೆದು ಇದನ್ನೆಲ್ಲ ಮಾತಾಡಿ. ಎಂಟು ಜನರ ಎದುರು ಯಾರಿಗೂ ಸೋಲಲು ಮನಸ್ಸಾಗುವುದಿಲ್ಲ, ಅಲ್ವಾ?

ತೊಟ್ಟೆಯ, ಅಂದರೆ ಪ್ಲಾಸ್ಟಿಕ್ ಚೀಲದ, ಜಗಳ ನಿಮಗೆ ಮೊದಲ ದಿನವೇ ಸಿಗುತ್ತದೆ. "ಸಾವಿರ ರೂಪಾಯಿಯ ಮಾಲು ತೆಗೊಂಡಿದ್ದೇನೆ, ಒಂದು ತೊಟ್ಟೆ ಕೊಡಲಿಕ್ಕೆ ಆಗುವುದಿಲ್ಲವಾ?" ಕೇರಳದಲ್ಲಿ 2020ರ ಜನವರಿ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ. ಮಂಗಳೂರು ಕಡೆಯಿಂದ ಬಂದವರಿಗೆ ಇದು ನೆನಪಿರುವುದಿಲ್ಲ. ಬಟ್ಟೆಚೀಲದ ಕ್ರಯ ಬಿಲ್ ಹಾಕುವ ಮೊದಲೇ ಹೇಳಿಬಿಡಿ.

ಬೈಯುತ್ತಿರುವಾಗ

ಕೈಯಲ್ಲಿದ್ದದ್ದನ್ನು ಕೆಳಗಿಡಿ. ಬೈಯುವಾಗ ನೀವು ಸೀರೆ ಮಡಚುತ್ತಾ ಇದ್ದರೆ ಅವರಿಗೆ ಅದು ಅಸಡ್ಡೆಯಾಗಿ ಕಾಣುತ್ತದೆ. ಮುಖ ನೋಡಿ. ಮೊದಲ ಸುತ್ತು ಪೂರ್ತಿ ಮುಗಿಯಲಿ, ನಡುವೆ ಬಾಯಿ ಹಾಕಬೇಡಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಒಂದೇ ಉಸಿರಿಗೆ ಬೈಯುವವರು ಕಡಿಮೆ. ಆಮೇಲೆ ಅವರು ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ತಿರುಗಿ ಹೇಳಿ. "ನಿನ್ನೆ ಕೊಟ್ಟ ಚೂಡಿದಾರದ ಬಣ್ಣ ಒಂದೇ ತೊಳೆಗೆ ಬಿಟ್ಟಿದೆ, ನಾಡಿದ್ದು ಮದುವೆ ಉಂಟು, ಹೌದಾ?" ಅದರ ಮೇಲೆ ನಿಮ್ಮಿಂದ ಏನಾಗುತ್ತದೆ, ಎಷ್ಟು ಹೊತ್ತು ಬೇಕು, ಎರಡನ್ನೇ ಹೇಳಿ. "ನೋಡುವ" ಎಂದರೆ ಸಾಕಾಗುವುದಿಲ್ಲ. "ಹತ್ತು ನಿಮಿಷ ಕೂತುಕೊಳ್ಳಿ, ಮೇಲಿನ ಮಹಡಿಯಲ್ಲಿ ಅದೇ ಮಾಲು ಇದೆಯಾ ಎಂದು ನಾನೇ ಹೋಗಿ ನೋಡಿ ಬರುತ್ತೇನೆ." ಹೋದ ಮೇಲೆ ಹತ್ತೇ ನಿಮಿಷದಲ್ಲಿ ಬನ್ನಿ, ಸಿಗದಿದ್ದರೂ ಬನ್ನಿ.

ಕೆಲವು ಮಾತುಗಳು ಬೆಂಕಿಗೆ ಎಣ್ಣೆ. "ಬೋರ್ಡ್ ಓದಲಿಲ್ಲವಾ?" "ಅದು ನನ್ನ ಸೆಕ್ಷನ್ ಅಲ್ಲ." "ನೀವು ಮೊದಲು ಸಮಾಧಾನ ಮಾಡಿಕೊಳ್ಳಿ." ಇವುಗಳನ್ನು ಬಿಟ್ಟೇಬಿಡಿ. ಸೆಕ್ಷನ್ ನಿಮ್ಮದಲ್ಲದಿದ್ದರೆ "ಬನ್ನಿ, ಅದನ್ನು ನೋಡುವವರ ಹತ್ತಿರ ಕರಕೊಂಡು ಹೋಗುತ್ತೇನೆ" ಎನ್ನಿ, ನಡೆದೂ ತೋರಿಸಿ.

ಅವರು "ನೀನು" ಎಂದರೂ ನೀವು "ನೀವು" ಎಂದೇ ಮಾತಾಡಿ. ಇದು ಅವರಿಗೆ ಮರ್ಯಾದೆ ಕೊಡುವುದಕ್ಕೆ ಎಂದು ತಿಳಿಯಬೇಡಿ. ಸುತ್ತ ನಿಂತವರು ಇಬ್ಬರ ಮಾತನ್ನೂ ಕೇಳುತ್ತಾರೆ. ಯಾರು ಹೇಗೆ ಎಂದು ಅವರಿಗೆ ಗೊತ್ತಾಗುತ್ತದೆ, ಎಷ್ಟೋ ಸಲ ಅವರೇ ನಿಮ್ಮ ಪರ ನಿಲ್ಲುತ್ತಾರೆ.

ಸಣ್ಣ ಸಣ್ಣ ಅವಮಾನಗಳು

ಇವು ಬೈಗುಳವಲ್ಲ, ಆದರೆ ದಿನಕ್ಕೆ ಇಪ್ಪತ್ತು ಸಲ ಚುಚ್ಚುತ್ತವೆ. ಬೆರಳು ಚಿಟಿಕೆ ಹೊಡೆದು ಕರೆಯುವವರು. ಕಿವಿಗೆ ಫೋನ್ ಇಟ್ಟುಕೊಂಡೇ ಸನ್ನೆಯಲ್ಲಿ ಮಾಲು ಕೇಳುವವರು. ನೀವು ಕೈ ಚಾಚಿದರೂ ನೋಟನ್ನು ಮೇಜಿನ ಮೇಲೆ ಎಸೆಯುವವರು. ನಲವತ್ತು ಸೀರೆ ಬಿಡಿಸಿ ಹಾಕಿಸಿ "ಇರಲಿ, ಮಂಗಳೂರಿನಲ್ಲಿ ನೋಡುವ" ಎಂದು ಎದ್ದು ಹೋಗುವವರು. ನೋಡಿ ಹೋಗುವುದು ತಪ್ಪಲ್ಲ, ದುಡ್ಡು ಅವರದ್ದು. ಬಿಡಿಸಿದ ಸೀರೆಯ ಮೇಲೆ ಚಪ್ಪಲಿ ಕಾಲಿಟ್ಟು ಹೋಗುವುದು ತಪ್ಪು.

ಫೋನಿನಲ್ಲಿ ಇರುವವರಿಗೆ "ಮಾತು ಮುಗಿಸಿ ಬನ್ನಿ, ಇಲ್ಲೇ ಇದ್ದೇನೆ" ಎಂದು ಹೇಳಿ ಮುಂದಿನವರನ್ನು ಕರೆಯಿರಿ. ಚಿಟಿಕೆಗೆ ತಿರುಗಬೇಡಿ, ಮಾತಿಗೆ ತಿರುಗಿ. ದುಡ್ಡಿಗೆ ಒಂದು ಸ್ಟೀಲ್ ತಟ್ಟೆ ಇಡಿ, ಎಲ್ಲರಿಂದಲೂ ಅದರಲ್ಲೇ ತೆಗೆದುಕೊಳ್ಳಿ, ಅದರಲ್ಲೇ ಚಿಲ್ಲರೆ ಕೊಡಿ. ಆಗ ಎಸೆದರೂ ತಟ್ಟೆಗೇ ಬೀಳುತ್ತದೆ, ಮನಸ್ಸಿಗೆ ಬೀಳುವುದಿಲ್ಲ. ಸೀರೆಯನ್ನು ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಬಿಡಿಸಬೇಡಿ. ಏಳನೆಯದು ತೆಗೆಯುವ ಮೊದಲು "ಇದರಲ್ಲಿ ಯಾವ ಎರಡು ಇಡಲಿ?" ಎಂದು ಕೇಳಿ, ಉಳಿದದ್ದನ್ನು ಅಲ್ಲೇ ಮಡಚಿ.

ಮುಚ್ಚುವ ಹೊತ್ತಿಗೆ ಬರುವವರ ಬಗ್ಗೆ ಹೇಳಲೇಬೇಕು. ಒಳನಾಡಿನ ಕಡೆಗೆ ಹೋಗುವ ರಾತ್ರಿಯ ಬಸ್ಸು ಒಂದು ತಪ್ಪಿದರೆ ನಮ್ಮ ಹುಡುಗಿಯರು ರಿಕ್ಷಾಕ್ಕೆ ಅರ್ಧ ದಿನದ ಸಂಬಳ ಕೊಡಬೇಕು. ಅದು ಗಿರಾಕಿಗೆ ಗೊತ್ತಿರುವುದಿಲ್ಲ. ಬಾಗಿಲಲ್ಲೇ ಹೇಳಿ, "ಬನ್ನಿ, ಎಂಟು ಗಂಟೆಗೆ ಬಿಲ್ಲಿಂಗ್ ನಿಲ್ಲಿಸುತ್ತೇವೆ, ಹದಿನೈದು ನಿಮಿಷ ಉಂಟು." ಒಳಗೆ ಬಂದು ಎಲ್ಲ ಬಿಡಿಸಿದ ಮೇಲೆ ಹೇಳಿದರೆ ಜಗಳ ಖಂಡಿತ.

ತಪ್ಪು ನಿಮ್ಮದಲ್ಲದಾಗ

ರೇಷನ್ ಅಂಗಡಿ, ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರ, ಬ್ಯಾಂಕ್ ಕೌಂಟರ್, ಇಲ್ಲಿ ಕೆಲಸ ಮಾಡುವವರ ಪಾಡು ನಮಗಿಂತ ಕಷ್ಟ. ಇ-ಪೋಸ್ ಮೆಷಿನ್ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ, ಸರ್ವರ್ ಬಿದ್ದಿರುತ್ತದೆ, ಎದುರಿಗಿದ್ದವರು ಬೈಸಿಕೊಳ್ಳುತ್ತಾರೆ. ಅಕ್ಷಯದಲ್ಲಿ ಕೆಲಸ ಮಾಡುವ ನನ್ನ ತಂಗಿ ಒಂದು ಕ್ರಮ ಮಾಡಿಕೊಂಡಿದ್ದಾಳೆ. ಸರ್ವರ್ ನಿಂತ ಕೂಡಲೇ ದೊಡ್ಡ ಅಕ್ಷರದಲ್ಲಿ, ಕನ್ನಡ ಮಲಯಾಳ ಎರಡರಲ್ಲೂ, "11.20ರಿಂದ ಸರ್ವರ್ ಇಲ್ಲ" ಎಂದು ಬರೆದು ಬಾಗಿಲಿಗೆ ಅಂಟಿಸುತ್ತಾಳೆ. ಗಂಟೆ ಬರೆಯುವುದೇ ಮುಖ್ಯ. ಬಂದವರ ಫೋನ್ ನಂಬರ್ ಬರೆದುಕೊಂಡು, ದೂರದವರಿಗೆ ಮೊದಲು ಎಂದು ಹೇಳಿ, ಸರಿಯಾದ ಮೇಲೆ ತಾನೇ ಕರೆ ಮಾಡುತ್ತಾಳೆ. ಸ್ಕ್ರೀನನ್ನು ಜನರ ಕಡೆಗೆ ತಿರುಗಿಸಿ ಇಡುತ್ತಾಳೆ, ಸುತ್ತುತ್ತಾ ಇರುವುದು ಅವರಿಗೂ ಕಾಣಲಿ ಎಂದು.

ಇಲ್ಲಿಗೆ ಸಾಕು ಎನ್ನಬೇಕಾದ ಗೆರೆ

ಮುಟ್ಟುವುದು, ಹೊಲಸು ಮಾತು, ಬೆದರಿಕೆ, ನಿಮ್ಮ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೋ ಮಾಡಿ ಹಾಕುತ್ತೇನೆ ಎನ್ನುವುದು. ಇಲ್ಲಿಂದ ಮುಂದೆ ಗಿರಾಕಿ ಎಂಬ ಮರ್ಯಾದೆ ಇಲ್ಲ.

ನನ್ನದೇ ಒಂದು ಹೇಳುತ್ತೇನೆ. ಪ್ರತಿ ತಿಂಗಳು ಬರುತ್ತಿದ್ದ ಒಬ್ಬ ಮನುಷ್ಯ, ಜಾಸ್ತಿ ಮಾಲು ಕೊಳ್ಳುವವ, ಚಿಲ್ಲರೆ ತೆಗೆದುಕೊಳ್ಳುವಾಗ ನನ್ನ ಬೆರಳು ಹಿಡಿದೇ ಬಿಡುತ್ತಿದ್ದ. ಸೂಪರ್‌ವೈಸರ್ ಹತ್ತಿರ ಹೇಳಿದೆ. "ದೊಡ್ಡ ಪಾರ್ಟಿ, ಸ್ವಲ್ಪ ಸುಮ್ನೆ ಇರು" ಎಂದರು. ಮೂರು ತಿಂಗಳು ಸುಮ್ಮನಿದ್ದೆ. ಆ ಮನುಷ್ಯ ಬಾಗಿಲಲ್ಲಿ ಕಂಡರೆ ಹೊಟ್ಟೆ ತೊಳೆಸುತ್ತಿತ್ತು. ಸುಮ್ಮನಿದ್ದದ್ದು ಸರಿ ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ನೀವು ಸುಮ್ಮನಿರಬೇಡಿ.

ಒಂದು ಹೆಜ್ಜೆ ಹಿಂದೆ ಹೋಗಿ. ಸುತ್ತಲಿನವರಿಗೆ ಕೇಳುವ ಹಾಗೆ ಹೇಳಿ, "ಕೈ ಮುಟ್ಟಬೇಡಿ." ಅಷ್ಟೇ ಸಾಕು, ವಿವರಣೆ ಬೇಡ. ಜೊತೆಯವರನ್ನು ಹೆಸರು ಹಿಡಿದು ಕರೆಯಿರಿ. ನಿಮ್ಮ ಕೌಂಟರನ್ನು ಅವರಿಗೆ ಕೊಟ್ಟು ಒಳಗೆ ಹೋಗಿ. ಅದೇ ಗಂಟೆಯಲ್ಲಿ ಒಂದು ಕಾಗದದಲ್ಲಿ ದಿನ, ಸಮಯ, ಏನಾಯಿತು, ಯಾರು ನೋಡಿದರು ಎಂದು ಬರೆದಿಡಿ. ಸಿಸಿಟಿವಿ ಇದ್ದರೆ ಆ ಭಾಗವನ್ನು ಅವತ್ತೇ ತೆಗೆದಿಡಲು ಹೇಳಿ, ಹಳೆಯದು ಕೆಲವು ದಿನಗಳಲ್ಲಿ ಅಳಿಸಿ ಹೋಗುತ್ತದೆ.

ಕಾನೂನು ನಿಮ್ಮ ಕಡೆ ಉಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇಡದ ಮುಟ್ಟುವಿಕೆ ಮತ್ತು ಲೈಂಗಿಕ ಮಾತಿಗೆ 75ನೇ ಸೆಕ್ಷನ್, ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ 79ನೇ ಸೆಕ್ಷನ್, ಬೆದರಿಕೆಗೆ 351ನೇ ಸೆಕ್ಷನ್ ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಜೊತೆ ಕೆಲಸದವರಿಗೆ ಮಾತ್ರ ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಂಗಡಿಗೆ ಬಂದು ಹೋಗುವವರಿಂದಲೂ ಹೆಂಗಸರಿಗೆ ರಕ್ಷಣೆ ಕೊಡಬೇಕಾದವರು ಮಾಲಿಕರೇ. ನೀವು ಪೊಲೀಸ್ ದೂರು ಕೊಡುತ್ತೇನೆ ಎಂದರೆ ಸಹಾಯ ಮಾಡಬೇಕಾದವರೂ ಅವರೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು, ಅದಕ್ಕಿಂತ ಸಣ್ಣ ಅಂಗಡಿಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಉಂಟು. ಘಟನೆ ಆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕೂಡಲೇ ಸಹಾಯ ಬೇಕಾದರೆ 112, ಹೆಂಗಸರ ಸಹಾಯವಾಣಿಗೆ 181, ಹೆಂಗಸರ ರಕ್ಷಣೆಗೆಂದೇ ಇರುವ ಕೇರಳದ ಪಿಂಕ್ ಪೊಲೀಸಿಗೆ 1515. ಈ ಮೂರು ನಂಬರ್ ಗಲ್ಲಾಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಹುಡುಗರ ಮೇಲೆ ಕೈ ಮಾಡಿದರೂ 112ಕ್ಕೆ ಕರೆ ಮಾಡಬಹುದು, "ಗಂಡಸಾಗಿ ದೂರು ಕೊಡುವುದಾ" ಎಂದು ಹಿಂಜರಿಯಬೇಡಿ.

ಮಾಲಿಕರು ಇದನ್ನು ಓದುತ್ತಿದ್ದರೆ ಅವರ ಹತ್ತಿರ ನನ್ನದು ಒಂದೇ ಬೇಡಿಕೆ. ಗಿರಾಕಿಯ ಎದುರಿಗೆ ನಿಮ್ಮ ಹುಡುಗಿಯನ್ನು ಬೈಯಬೇಡಿ. ಅವಳದ್ದೇ ತಪ್ಪಿದ್ದರೂ ಆಮೇಲೆ ಒಳಗೆ ಕರೆದು ಹೇಳಿ. ನಾನು ಈಗ ಮಾಲಿಕಳಾದ ಮೇಲೆ ಇಬ್ಬರಿಗೆ "ಇನ್ನು ನಮ್ಮ ಅಂಗಡಿಗೆ ಬರಬೇಡಿ" ಎಂದು ಹೇಳಿದ್ದೇನೆ. ವ್ಯಾಪಾರ ಸ್ವಲ್ಪ ಹೋಗಿರಬಹುದು. ಆದರೆ ನನ್ನ ಹತ್ತಿರ ಕೆಲಸಕ್ಕಿರುವ ಹುಡುಗಿ ನಾಲ್ಕು ವರ್ಷದಿಂದ ಬಿಟ್ಟು ಹೋಗಿಲ್ಲ.

ಜಗಳ ಮುಗಿದ ಮೇಲೆ

ಐದು ನಿಮಿಷ ಕೌಂಟರಿನಿಂದ ಆಚೆ ಹೋಗಿ. ಮುಖ ತೊಳೆದು ನೀರು ಕುಡಿಯಿರಿ. ಮುಂದಿನ ಗಿರಾಕಿ ಏನೂ ಅರಿಯದವರು, ಅವರಿಗೆ ನಿಮ್ಮ ಸಿಟ್ಟು ತಾಗಬಾರದು.

ಒಂದು ನೋಟ್‌ಬುಕ್ ಇಡಿ. ಯಾರು ಬೈದರು ಎಂದಲ್ಲ, ಯಾವ ವಿಷಯಕ್ಕೆ ಜಗಳವಾಯಿತು ಎಂದು ಒಂದೊಂದು ಗೆರೆ ಬರೆಯಿರಿ. ಒಂದು ತಿಂಗಳಿಗೆ ತಿರುಗಿಸಿ ನೋಡಿ. ನನ್ನ ಅಂಗಡಿಯ ಪುಸ್ತಕದಲ್ಲಿ ಹೆಚ್ಚಿನದ್ದು ಎರಡೇ ವಿಷಯ, ಚಿಲ್ಲರೆ ಮತ್ತು ತೊಟ್ಟೆ. ಈಗ ವಾರಕ್ಕೊಮ್ಮೆ ಬ್ಯಾಂಕಿನಿಂದ ಚಿಲ್ಲರೆ ತರಿಸುತ್ತೇನೆ. ಬಟ್ಟೆಚೀಲದ ಕ್ರಯವನ್ನು ಬಾಗಿಲ ಹೊರಗೆಯೇ ಬರೆದು ಹಾಕಿದ್ದೇನೆ. ಕೂಗಾಟ ಅರ್ಧಕ್ಕೆ ಇಳಿದಿದೆ.

ನಿನ್ನೆ ಬೈದವರು ನಾಳೆ ಮತ್ತೆ ಬರುತ್ತಾರೆ. ಸಣ್ಣ ಊರು, ಇನ್ನೆಲ್ಲಿಗೆ ಹೋಗುತ್ತಾರೆ? ಗೆರೆ ದಾಟಿದವರಾದರೆ ಮಾಲಿಕರನ್ನು ಕರೆಯಿರಿ, ನೀವು ಎದುರು ಹೋಗಬೇಡಿ. ಸುಮ್ನೆ ಸಿಟ್ಟಿನಲ್ಲಿ ಕೂಗಿ ಹೋದವರಾದರೆ ಹಳೆಯದನ್ನು ನೀವಾಗಿ ಎತ್ತಬೇಡಿ, ಉಳಿದವರಿಗೆ ಕೇಳಿದ ಹಾಗೆಯೇ "ಎಂತ ಬೇಕು?" ಎಂದು ಕೇಳಿ. ಮುಳ್ಳೇರಿಯದ ಆ ಅಣ್ಣ ಮುಂದಿನ ವರ್ಷ ಮೇ ತಿಂಗಳ ಮೊದಲ ವಾರವೇ ಬಂದರು. ಮಗಳನ್ನೂ ಕರಕೊಂಡು ಬಂದಿದ್ದರು, ಅಳತೆ ಅಲ್ಲೇ ತೆಗೆಸಲು.